ಬೇಸಿಗೆ ಕೊನೆಯಲ್ಲಿ ಕರಾವಳಿಗೆ ಬರುವ ಅಪರೂಪದ ಹಕ್ಕಿಗಳು: ಈ ಸಲ ನಿಮಗೆ ಏನು ಕಂಡಿತು?

ಪಡುಕಡಲು
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಕಾಪು ದೀಪಸ್ತಂಭದಿಂದ ದಕ್ಷಿಣಕ್ಕೆ, ಜನ ಕಡಿಮೆ ಇರುವ ಕಡೆ ನಡೆದು ಹೋಗಿದ್ದೆ. ಹೊಯ್ಗೆ ಮೇಲೆ ಒಂದು ದೊಡ್ಡ ಹಕ್ಕಿ ಕೂತಿತ್ತು. ಕೊಕ್ಕು ಈಟಿಯ ಹಾಗೆ ನೇರ. ತಲೆ ಕಂದು, ಹೊಟ್ಟೆ ಬಿಳಿ, ಕಾಲ್ಬೆರಳುಗಳ ನಡುವೆ ಪೊರೆ. ಹತ್ತಿರ ಹೋದರೂ ಹಾರಲಿಲ್ಲ. ಬಾಯಿ ತೆರೆದು ಹೆದರಿಸಿತು, ಅಷ್ಟೇ. ಮೊನ್ನೆಯಿಂದ ಗಾಳಿ ಜೋರಾಗಿದೆ, ಅದರಲ್ಲೇ ಬಂದು ಬಿದ್ದಿರಬೇಕು.

ನಾನು ಫೋಟೋ ತೆಗೆಯುತ್ತಿರುವಾಗಲೇ ಇಬ್ಬರು ಹುಡುಗರು ಬಂದು "ಪಾಪ, ಸಮುದ್ರದ ಹಕ್ಕಿ" ಅಂತ ಎತ್ತಿಕೊಂಡು ಹೋಗಿ ತೆರೆಗೆ ಬಿಟ್ಟರು. ತೆರೆ ಮತ್ತೆ ದಡಕ್ಕೇ ತಂದು ಹಾಕಿತು. ಇನ್ನೊಮ್ಮೆ ಬಿಟ್ಟರು. ಆಮೇಲೆ ಕಾಣಲಿಲ್ಲ. ನನಗೆ ರಾತ್ರಿಯಿಡೀ ಅದೇ ಯೋಚನೆ.

ಇದು ಯಾವ ಹಕ್ಕಿ? ಹಾಗೆ ನೀರಿಗೆ ಬಿಡುವುದು ಸರಿಯಾ? ಜೊತೆಗೆ ಈ ಬೇಸಿಗೆಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಬೇರೆಯವರಿಗೆ ಏನೇನು ಕಂಡಿದೆ ಅಂತಲೂ ಬರೆಯಿರಿ. ಫೋಟೋ ಹಾಕಿದ್ದೇನೆ.

ದುರ್ಬೀನು
ಬೂಬಿ. ಅನುಮಾನವೇ ಬೇಡ.

ಹೊಯ್ಗೆದಂಡೆ
ಹೌದು, ಬ್ರೌನ್ ಬೂಬಿ. ತಲೆ ಕಂದು, ಹೊಟ್ಟೆ ಬಿಳಿ. ಸರಿಯಾಗಿ ಹೊಂದುತ್ತದೆ.

ದುರ್ಬೀನು
ಬ್ರೌನ್ ಅಲ್ಲ, ಮಾಸ್ಕ್ಡ್ ಬೂಬಿಯ ಎಳೆಯ ಹಕ್ಕಿ. ಎರಡನೇ ಫೋಟೋದಲ್ಲಿ ಕತ್ತಿನ ಹಿಂಭಾಗ ನೋಡಿ. ಕಂದು ತಲೆಗೂ ಕಂದು ಬೆನ್ನಿಗೂ ನಡುವೆ ಒಂದು ಬಿಳಿ ಪಟ್ಟಿ ಇದೆ. ಬ್ರೌನ್ ಬೂಬಿಯಲ್ಲಿ ಈ ಪಟ್ಟಿ ಇರುವುದಿಲ್ಲ. ತಲೆ, ಕುತ್ತಿಗೆ, ಎದೆ, ಬೆನ್ನು ಎಲ್ಲ ಒಂದೇ ಕಂದು, ಎದೆಯ ಕೆಳಗೆ ಗೆರೆ ಎಳೆದಂತೆ ಬಿಳಿ ಶುರು. ದೊಡ್ಡದಾದ ಮೇಲೆ ಮಾಸ್ಕ್ಡ್ ಬೂಬಿಯನ್ನು ಗುರುತಿಸುವುದು ಸುಲಭ. ಮೈಯೆಲ್ಲ ಬಿಳಿ, ರೆಕ್ಕೆಯ ಅಂಚು ಕಪ್ಪು. ಆದರೆ ನಮ್ಮ ದಡಕ್ಕೆ ಬಂದು ಬೀಳುವುದರಲ್ಲಿ ಎಳೆಯವೂ ಇರುತ್ತವೆ. ಗೊಂದಲ ಆಗುವುದು ಅಲ್ಲೇ.

ಹೊಯ್ಗೆದಂಡೆ
ಮೂರನೇ ಫೋಟೋದಲ್ಲಿ ಆ ಪಟ್ಟಿ ಕಾಣುವುದಿಲ್ಲವಲ್ಲ?

ದುರ್ಬೀನು
ಅದರಲ್ಲಿ ಕತ್ತು ಒಳಗೆ ಎಳೆದುಕೊಂಡಿದೆ. ಎರಡನೆಯದನ್ನು ದೊಡ್ಡದು ಮಾಡಿ ನೋಡಿ.

ಪಶುವೈದ್ಯೆ
ಹೆಸರಿಗಿಂತ ಮೊದಲು ಎರಡನೇ ಪ್ರಶ್ನೆಗೆ ಉತ್ತರ ಬೇಕು. ಯಾಕೆಂದರೆ ಇನ್ನು ಮಳೆಗಾಲ ಮುಗಿಯುವವರೆಗೆ ಇದೇ ಕಥೆ.

ದಯವಿಟ್ಟು ತಿರುಗಿ ಸಮುದ್ರಕ್ಕೆ ಬಿಡಬೇಡಿ. ಬೂಬಿಯಂಥ ಹಕ್ಕಿ ದಡದಲ್ಲಿ ಸುಮ್ನೆ ಕೂತಿದೆ ಅಂದರೆ ಅದರಲ್ಲಿ ಶಕ್ತಿ ಇಲ್ಲ ಅಂತ ಅರ್ಥ. ಹಸಿದಿರುತ್ತದೆ, ಮೈಯಲ್ಲಿ ನೀರಿನಂಶ ಇಳಿದಿರುತ್ತದೆ, ಗರಿ ಒದ್ದೆಯಾಗಿ ಮೈ ತಣ್ಣಗಾಗಿರುತ್ತದೆ. ಅಂಥದ್ದನ್ನು ತೆರೆಗೆ ಬಿಟ್ಟರೆ ಮುಳುಗುತ್ತದೆ. ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಅವರನ್ನು ಬೈಯುವುದು ಬೇಡ. ಹೇಳಿಕೊಟ್ಟವರು ಯಾರೂ ಇಲ್ಲ.

ಹಕ್ಕಿ ಕಂಡರೆ ಹಳೆಯ ಟವೆಲ್ ಅಥವಾ ಲುಂಗಿಯನ್ನು ಮೇಲಿನಿಂದ ಹೊದಿಸಿ, ರೆಕ್ಕೆ ಮಡಚಿಕೊಂಡಂತೆ ಹಿಡಿದು ಎತ್ತಿ. ಕೊಕ್ಕು ನಿಮ್ಮ ಮುಖದಿಂದ ದೂರ ಇರಲಿ. ಇವು ಕಣ್ಣಿಗೇ ಗುರಿ ಇಡುತ್ತವೆ. ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆ, ಒಳಗೆ ಒಣ ಬಟ್ಟೆ, ಮೇಲೆ ಮುಚ್ಚಳ. ಕತ್ತಲು ಮತ್ತು ಮೌನವೇ ಅದಕ್ಕೆ ದೊಡ್ಡ ಔಷಧ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೀನು ತುರುಕಬೇಡಿ, ಬಳಲಿದ ಹಕ್ಕಿಗೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಸೋಪು ಹಾಕಿ ತೊಳೆಯಲೂ ಬೇಡಿ.

ಇನ್ನೊಂದು ಮಾತು, ಇದನ್ನು ತುಂಬ ಜನ ತಪ್ಪು ಮಾಡುತ್ತಾರೆ. ಕಚ್ಚುತ್ತದೆ ಅಂತ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಬೂಬಿಗಳಿಗೆ ಹೊರಗಡೆ ಮೂಗಿನ ಹೊಳ್ಳೆ ಇಲ್ಲ. ಎತ್ತರದಿಂದ ನೀರಿಗೆ ಧುಮುಕುವ ಹಕ್ಕಿಗಳು, ಹೊಳ್ಳೆ ಮುಚ್ಚಿಹೋಗಿದೆ. ಉಸಿರಾಡುವುದು ಬಾಯಿಯ ಅಂಚಿನಿಂದ. ಕೊಕ್ಕು ಬಿಗಿದರೆ ಉಸಿರು ಕಟ್ಟಿ ಸಾಯುತ್ತದೆ.

ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೈಗವಸು ಹಾಕಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಕ್ಕಿಜ್ವರದ ಕಾಲ ಇದು.

ಪಡುಕಡಲು
ತುಂಬ ಧನ್ಯವಾದ ಮೇಡಂ. ಕೊಕ್ಕಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ಬೀಚಿನ ಲೈಫ್‌ಗಾರ್ಡ್ ಹುಡುಗರಿಗೆ ಇದನ್ನು ಹಾಗೇ ಕಳಿಸಲೇ?

ಪಶುವೈದ್ಯೆ
ಕಳಿಸಿ. ಅವರೇ ಮೊದಲು ನೋಡುವವರು.

ಬೋಟ್‌ಮನೆ
ನಾನು ಮಲ್ಪೆಯಿಂದ ಆಳಸಮುದ್ರದ ಟ್ರಾಲ್ ಬೋಟಿಗೆ ಹೋಗುವವನು. ನೀವು ಅಪರೂಪ ಅಪರೂಪ ಅನ್ನುವ ಈ ಹಕ್ಕಿ ನಮಗೆ ಅಷ್ಟೇನೂ ಅಪರೂಪ ಅಲ್ಲ ಮಾರಾಯ್ರೆ. ಮೇ ತಿಂಗಳಲ್ಲಿ ಹೊರಗೆ ಹೋದರೆ ಬೋಟಿನ ಮೇಲೆ ಬಂದು ಕೂರುತ್ತದೆ. ಓಡಿಸಿದರೂ ಹೋಗುವುದಿಲ್ಲ. ಬಲೆ ಎಳೆಯುವಾಗ ಕಪ್ಪು ಬೆನ್ನಿನ ರೀವಗಳು (ನೀವು ಟರ್ನ್ ಅನ್ನುವ ಹಕ್ಕಿ) ಮೇಲೆ ಸುತ್ತುತ್ತವೆ. ಇನ್ನೊಂದು ಸಣ್ಣ ಕಪ್ಪು ಹಕ್ಕಿ ಇದೆ. ನೀರಿನ ಮೇಲೆ ಕಾಲು ಬಡಿಯುತ್ತ ಓಡುತ್ತದೆ, ಬೆನ್ನ ಕೆಳಗೆ ಬಿಳಿ. ಅದು ಏನು?

ನೀವು ದಡದಲ್ಲಿ ಸತ್ತದ್ದನ್ನು ನೋಡಿ ಅಪರೂಪ ಅನ್ನುತ್ತೀರಿ. ನಾವು ಹಾರುವುದನ್ನೇ ನೋಡುತ್ತೇವೆ. ನಮ್ಮನ್ನು ಕೇಳಿದವರು ಯಾರು?

ದುರ್ಬೀನು
ಅಣ್ಣಾ, ಆ ಸಣ್ಣ ಕಪ್ಪು ಹಕ್ಕಿ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಇರಬೇಕು. ದಕ್ಷಿಣ ಧ್ರುವದ ಕಡೆ ಗೂಡು ಕಟ್ಟುವ ಹಕ್ಕಿ. ಅಲ್ಲಿ ಚಳಿಗಾಲ ಶುರುವಾಗುವಾಗ ನಮ್ಮ ಕಡೆ ಬರುತ್ತದೆ. ನಮಗೆ ಬೇಸಿಗೆ ಮತ್ತು ಮಳೆಗಾಲ, ಅದಕ್ಕೆ ಚಳಿಗಾಲದ ವಲಸೆ. ದಯವಿಟ್ಟು ಮುಂದಿನ ಸಲ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ನಿಮ್ಮ ಒಂದು ವಿಡಿಯೋ ನಮ್ಮ ದಡದ ನೂರು ಊಹೆಗಳಿಗಿಂತ ಮೇಲು.

ಬೋಟ್‌ಮನೆ
ಜೂನ್ 1ರಿಂದ ರಜೆ, ಜುಲೈ 31ರವರೆಗೆ ಬೋಟ್ ಕಟ್ಟಿರುತ್ತದೆ. ಅದಕ್ಕೆ ಮೊದಲು ಒಂದು ಟ್ರಿಪ್ ಇದೆ. ನೋಡುವ.

ಅಳಿವೆಬಾಗಿಲು
ಬೋಟ್‌ಮನೆಯವರ ಮಾತು ನೂರಕ್ಕೆ ನೂರು ಸರಿ. ಹಕ್ಕಿ ನೋಡುವವರೆಲ್ಲ ಡಿಸೆಂಬರ್, ಜನವರಿಯಲ್ಲಿ ಅಳಿವೆ ತುಂಬ ಸೇರುತ್ತಾರೆ. ಏಪ್ರಿಲ್ ಬಂತು ಅಂದರೆ ಕ್ಯಾಮೆರಾ ಒಳಗೆ. "ಸೀಸನ್ ಮುಗಿಯಿತು" ಅಂತ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ದಡದ ಬಗ್ಗೆ ಯಾರೂ ಬರೆಯುವುದೇ ಇಲ್ಲ. ಆಮೇಲೆ ಹಕ್ಕಿಯೇ ಇಲ್ಲ ಅನ್ನುತ್ತಾರೆ.

ಸಿಗುತ್ತವೆ ಸ್ವಾಮಿ. ನಮ್ಮ ಅಳಿವೆಯಲ್ಲಿ ಈಗಲೂ ಸ್ಯಾಂಡ್ ಪ್ಲೋವರ್ ಅನ್ನುವ ವಲಸೆ ಹಕ್ಕಿಗಳ ಒಂದು ಸಣ್ಣ ಗುಂಪು ಇದೆ. ದೊಡ್ಡವೆಲ್ಲ ಎದೆ ಕೆಂಪಾಗಿಸಿಕೊಂಡು ಮೇ ಮೊದಲೇ ಹೊರಟು ಹೋದವು. ಉಳಿದವು ಬೂದು ಬಣ್ಣದವು, ಹೋದ ವರ್ಷ ಹುಟ್ಟಿದವು. ಮೊದಲ ವರ್ಷ ಗೂಡು ಕಟ್ಟುವುದಿಲ್ಲ, ಹಾಗಾಗಿ ಅಷ್ಟು ದೂರ ಹೋಗಿ ಮಾಡುವುದೇನು? ಇಲ್ಲೇ ಇರುತ್ತವೆ. ಕರ್ಲ್ಯೂ ಕೂಡ ಹಾಗೇ ಉಳಿದದ್ದು ನೋಡಿದ್ದೇನೆ. ಇದನ್ನು ಬರೆದಿಡುವುದೂ ಮುಖ್ಯ ಅಲ್ವಾ?

ಹೊಯ್ಗೆದಂಡೆ
ಉಳಿದುಕೊಂಡ ಪ್ಲೋವರ್ ಬೇರೆ, ಗಾಳಿಗೆ ಬಂದು ಬಿದ್ದ ಬೂಬಿ ಬೇರೆ. ನನ್ನ ಅಭಿಪ್ರಾಯ ಸ್ಪಷ್ಟ. ಚಂಡಮಾರುತ ಎತ್ತಿ ತಂದು ಎಸೆದ ಹಕ್ಕಿಯನ್ನು "ಕರಾವಳಿಯ ಹಕ್ಕಿ" ಅಂತ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಅದು ಇಲ್ಲಿಗೆ ಬರಬೇಕು ಅಂತ ಬಂದದ್ದಲ್ಲ.

ಕಾರವಾರ ಕಾಂಡ್ಲ
ಈ ಮಾತು ನನಗೆ ಒಪ್ಪಿಗೆ ಇಲ್ಲ. ಬೂಬಿ, ಶಿಯರ್‌ವಾಟರ್, ಪೆಟ್ರೆಲ್ ಇವೆಲ್ಲ ಅರಬ್ಬೀ ಸಮುದ್ರದ ಹಕ್ಕಿಗಳು. ಅರಬ್ಬೀ ಸಮುದ್ರ ನಮ್ಮದಲ್ಲವೇ? 320 ಕಿಲೋಮೀಟರ್ ದಡ ಮಾತ್ರ ಕರಾವಳಿ, ಅದರ ಎದುರಿನ ನೀರು ಬೇರೆ ಯಾರದೋ ಅನ್ನುವ ಹಾಗಿದೆ ನಿಮ್ಮ ಲೆಕ್ಕ.

ನೈಋತ್ಯ ಮುಂಗಾರಿನ ಗಾಳಿ ಬೀಸುವಾಗ ಸೊಮಾಲಿಯಾ ಮತ್ತು ಒಮಾನ್ ದಡದಲ್ಲಿ ತಳದ ತಣ್ಣೀರು ಮೇಲೆ ಬರುತ್ತದೆ. ಜೊತೆಗೆ ಮೀನಿಗೆ ಬೇಕಾದ ಆಹಾರವೂ ಬರುತ್ತದೆ. ಆಗ ಕಡಲಹಕ್ಕಿಗಳು ಅಲ್ಲಿ ಸೇರುತ್ತವೆ. ಒಮಾನ್‌ನ ಹಲ್ಲಾನಿಯಾತ್ ದ್ವೀಪಗಳಲ್ಲಿ ಮಾಸ್ಕ್ಡ್ ಬೂಬಿ ಗೂಡು ಕಟ್ಟುತ್ತದೆ, ಪರ್ಷಿಯನ್ ಶಿಯರ್‌ವಾಟರ್ ಕೂಡ. ಅದೇ ಗಾಳಿ ಅಲ್ಲಿಂದ ನೇರ ನಮ್ಮ ಕಡೆ ಬೀಸುತ್ತದೆ. ಮೀನು ಹಿಡಿಯಲು ಇನ್ನೂ ಪಳಗದ ಎಳೆಯ ಹಕ್ಕಿ ಎದುರುಗಾಳಿಗೆ ಸೋತು ದಡ ಸೇರುತ್ತದೆ. ಅದಕ್ಕೇ ಕೇರಳದಿಂದ ಮಹಾರಾಷ್ಟ್ರದವರೆಗೆ ಮಳೆಗಾಲದಲ್ಲಿ ಬೂಬಿಗಳು ಸಿಗುತ್ತಲೇ ಇರುತ್ತವೆ. ಮತ್ತೆ ಮತ್ತೆ ಆಗುವುದನ್ನು ಆಕಸ್ಮಿಕ ಅನ್ನಲು ಹೇಗೆ ಸಾಧ್ಯ?

ನಮ್ಮ ಕಡೆ ಈ ಕೆಲಸ ಹೊಸದೂ ಅಲ್ಲ. ಡೇವಿಡ್ಸನ್ ಅಂತ ಒಬ್ಬ ಕಲೆಕ್ಟರ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ 1898ರಲ್ಲೇ ಮುಂಬೈಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ಕಾಲದಲ್ಲಿ ಕ್ಯಾಮೆರಾ ಹಿಡಿದು ದಡದಲ್ಲಿ ನಿಲ್ಲುವವರು ಇರಲಿಲ್ಲ. ಈಗ ಪ್ರತಿ ಕೈಯಲ್ಲೂ ಮೊಬೈಲ್ ಇದೆ, ಆದರೂ ಮಳೆಗಾಲದ ಪುಟ ಖಾಲಿ.

ಹೊಯ್ಗೆದಂಡೆ
ಕಡಲು ನಮ್ಮದು, ಸರಿ. ಆದರೆ ಘಟ್ಟದ ಕೆಳಗಿನ ಯಾವುದೋ ತೋಟದಲ್ಲಿ ತೌಕ್ತೆ ಚಂಡಮಾರುತದ ಮರುದಿನ ಒಂದು ಕಡಲ ರೀವ ಸಿಕ್ಕಿದರೆ? ಅದನ್ನು ಅಡಿಕೆ ತೋಟದ ಹಕ್ಕಿ ಅನ್ನುತ್ತೀರಾ?

ಕಾರವಾರ ಕಾಂಡ್ಲ
ಅಡಿಕೆ ತೋಟದ ಹಕ್ಕಿ ಅನ್ನುವುದಿಲ್ಲ. ತೌಕ್ತೆ ತಂದ ಹಕ್ಕಿ ಅಂತ ತಾರೀಖು, ಜಾಗದ ಜೊತೆ ಬರೆಯುತ್ತೇನೆ. 2021ರ ಮೇಯಲ್ಲಿ ತೌಕ್ತೆ ನಮ್ಮ ದಡದ ಪಕ್ಕದಲ್ಲೇ ಗುಜರಾತಿಗೆ ಹೋಯಿತು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ದೂರದಿಂದ ಹೋಯಿತು. ಯಾವುದರಲ್ಲಿ ಎಂಥ ಹಕ್ಕಿ ಒಳಗೆ ಬಂತು ಅಂತ ಹೋಲಿಸಿ ನೋಡಬೇಕಾದರೆ ಬರೆದಿಟ್ಟಿರಬೇಕು ತಾನೇ?

ದುರ್ಬೀನು
ಹಕ್ಕಿ ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಾಕುವಾಗ ಟಿಪ್ಪಣಿಯಲ್ಲಿ "ದಡದಲ್ಲಿ ಬಳಲಿ ಸಿಕ್ಕಿದ್ದು" ಅಂತ ಸೇರಿಸಿ, ಮುಗಿಯಿತು. ಜಗಳ ಬೇಡ. ಅಪರೂಪದ ಹಕ್ಕಿಯಾದರೆ ಪರಿಶೀಲಕರು ವಿವರ ಕೇಳುತ್ತಾರೆ. ಅದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ, ಅವರೂ ಸಂಬಳ ಇಲ್ಲದೆ ಕೆಲಸ ಮಾಡುವವರು.

ಶಾಲೆಟೀಚರ್
ಸಮುದ್ರದ ಹಕ್ಕಿ ಅಲ್ಲದಿದ್ದರೂ ಹೇಳಬಹುದಾ? ಏಪ್ರಿಲ್ ಕೊನೆಗೆ ನಮ್ಮ ಶಾಲೆಯ ಕಿಟಕಿ ಗಾಜಿಗೆ ಒಂದು ನವರಂಗ ಹೊಡೆದುಕೊಂಡು ಬಿತ್ತು. ಮಕ್ಕಳು ಪೆಟ್ಟಿಗೆಯಲ್ಲಿ ಇಟ್ಟರು, ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಹಾರಿತು. ಹಸಿರು, ನೀಲಿ, ಹೊಟ್ಟೆಯ ಕೆಳಗೆ ಕೆಂಪು. ಮಕ್ಕಳ ಸಂಭ್ರಮ ನೋಡಬೇಕಿತ್ತು! ಆ ಗಾಜಿಗೆ ಈಗ ಹೊರಗಡೆಯಿಂದ ಹತ್ತಿರ ಹತ್ತಿರ ಗೆರೆ ಅಂಟಿಸಿದ್ದೇವೆ.

ಮೊನ್ನೆ ಮನೆ ಹಿಂದಿನ ತೋಡಿನ ಹತ್ತಿರ ಪುಟ್ಟ ಮಿಂಚುಳ್ಳಿಯೂ ಕಂಡಿತು. ಕಿತ್ತಳೆ, ನೇರಳೆ ಬಣ್ಣ. ಡ್ವಾರ್ಫ್ ಕಿಂಗ್‌ಫಿಷರ್ ಅಂತಾರಲ್ಲ, ಅದು.

ಮಂಗ್ಳೂರ್‌ಹುಡುಗ
ಟೀಚರ್, ಯಾವ ಊರು? ಲೊಕೇಶನ್ ಕಳಿಸಿ ಪ್ಲೀಸ್. ಎಷ್ಟು ವರ್ಷದಿಂದ ಆ ಹಕ್ಕಿಗೆ ಕಾಯುತ್ತಿದ್ದೇನೆ.

ಅಳಿವೆಬಾಗಿಲು
ಟೀಚರ್, ಕಳಿಸಬೇಡಿ.

ಮಂಗ್ಳೂರ್‌ಹುಡುಗ
ಯಾಕೆ ಸರ್? ನಾನು ಹಕ್ಕಿಗೆ ತೊಂದರೆ ಕೊಡುವವನಲ್ಲ.

ಅಳಿವೆಬಾಗಿಲು
ನೀವು ಕೊಡುವುದಿಲ್ಲ, ನಂಬುತ್ತೇನೆ. ನಿಮ್ಮಿಂದ ಇನ್ನೊಬ್ಬರಿಗೆ ಹೋಗುತ್ತದೆ, ಅವರಿಂದ ಗ್ರೂಪಿಗೆ. ಆ ಹಕ್ಕಿ ಮಳೆ ಹಿಡಿಯುವ ಹೊತ್ತಿಗೆ ತೋಡಿನ ದರೆಯಲ್ಲಿ, ರಸ್ತೆ ಬದಿಯ ಮಣ್ಣಿನ ಗೋಡೆಯಲ್ಲಿ ಅಡ್ಡ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಆ ಹೊತ್ತಿಗೇ ಫೋಟೋದವರೂ ಬರುತ್ತಾರೆ. ಗೂಡಿನ ಎದುರಿನ ಸೊಪ್ಪು ಸವರುತ್ತಾರೆ, ಕೂರಲಿ ಅಂತ ಕೋಲು ನೆಡುತ್ತಾರೆ. ಹಕ್ಕಿ ಬಾಯಲ್ಲಿ ಹಲ್ಲಿ ಹಿಡಿದುಕೊಂಡು ಗೂಡಿಗೆ ಹೋಗಲಾಗದೆ ಪಕ್ಕದ ಗಿಡದಲ್ಲಿ ಕೂತೇ ಇತ್ತು. ಕಣ್ಣಾರೆ ನೋಡಿದ್ದೇನೆ. ಮುಂದಿನ ವರ್ಷ ಆ ದರೆಗೆ ಬರಲಿಲ್ಲ.

ಮಂಗ್ಳೂರ್‌ಹುಡುಗ
ಹಾಗಾದರೆ ಹೊಸಬರು ಕಲಿಯುವುದು ಹೇಗೆ? ದೊಡ್ಡ ಲೆನ್ಸ್ ಇರುವವರಿಗೆ ಎಲ್ಲ ಜಾಗ ಗೊತ್ತು. ಗೊತ್ತಿಲ್ಲದಿರುವುದು ನಮ್ಮಂಥವರಿಗೆ ಮಾತ್ರ.

ಕಾರವಾರ ಕಾಂಡ್ಲ
ಹುಡುಗ ಹೇಳುವುದರಲ್ಲಿ ನ್ಯಾಯ ಇದೆ. ಗೂಡಿನ ಜಾಗ ಹೇಳಬಾರದು. ಆದರೆ ಗೊತ್ತಿರುವವರು ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಗೂಡಿಲ್ಲದ ಕಾಲದಲ್ಲಿ, ಗೂಡಿಲ್ಲದ ಜಾಗಕ್ಕೆ. ಕಾರವಾರಕ್ಕೆ ಬಾ, ಕಾಳಿ ನದಿಯ ಕಾಂಡ್ಲ ಕಾಡಿನ ಅಂಚಿನಲ್ಲಿ ನಡೆಯೋಣ.

ಶಾಲೆಟೀಚರ್
ನಾನು ಹೇಳುವುದಿಲ್ಲ. ಮಂಗ್ಳೂರ್‌ಹುಡುಗ, ಬೇಸರ ಮಾಡಿಕೊಳ್ಳಬೇಡ ಮಗಾ. ಗೂಡಿನ ಕಾಲ ಮುಗಿದ ಮೇಲೆ ನಮ್ಮ ಮನೆಗೇ ಬಾ.

ಮಂಗ್ಳೂರ್‌ಹುಡುಗ
ಖಂಡಿತ ಬರುತ್ತೇನೆ ಟೀಚರ್.

ಇನ್ನೊಂದು ಹಕ್ಕಿ ಇದೆ ನನ್ನ ಹತ್ತಿರ. ಪಣಂಬೂರು ಕಡೆ ಇವತ್ತು ಬೆಳಗ್ಗೆ ದಡದಲ್ಲಿ ಕೂತಿದ್ದ ಕಪ್ಪು ರೀವ. ಮೈಯೆಲ್ಲ ಕಡುಗಪ್ಪು. ಬ್ರೌನ್ ನಾಡಿ ಅಂತ ಅಂದುಕೊಂಡಿದ್ದೇನೆ. ಫೋಟೋ ನೋಡಿ ಹೇಳಿ.

ಹೊಯ್ಗೆದಂಡೆ
ನಾಡಿ ಅಲ್ಲ. ಬೆನ್ನಿನ ಮೇಲೆ ಬಿಳಿ ಚುಕ್ಕೆಗಳಿವೆ, ಬಾಲದ ಬುಡದ ಕೆಳಗೆ ಬಿಳಿಚು. ಸೂಟಿ ಟರ್ನ್‌ನ ಎಳೆಯ ಹಕ್ಕಿ. ನಾಡಿಗೆ ಹಣೆ ಮತ್ತು ನೆತ್ತಿ ತಿಳಿಬಣ್ಣ, ಕೆಳಗೆ ಎಲ್ಲೂ ಬಿಳಿ ಇಲ್ಲ. ಬಾಲ ತುದಿಯಲ್ಲಿ ಕವಲೊಡೆಯದೆ ಉದ್ದ ಇರುತ್ತದೆ. ಇದರಲ್ಲಿ ಕವಲು ಸ್ಪಷ್ಟ ಇದೆ.

ದುರ್ಬೀನು
ಒಪ್ಪಿದೆ. ಚಂದದ ದಾಖಲೆ. ದೊಡ್ಡವಾದ ಮೇಲೆ ಸೂಟಿಯನ್ನು ಬ್ರೈಡಲ್ಡ್ ಟರ್ನ್ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೂಟಿಯ ಹಣೆಯ ಬಿಳಿ ಕಣ್ಣಿನ ಹತ್ತಿರಕ್ಕೆ ನಿಲ್ಲುತ್ತದೆ. ಬ್ರೈಡಲ್ಡ್‌ನಲ್ಲಿ ಅದು ತೆಳು ಹುಬ್ಬಾಗಿ ಕಣ್ಣಿನ ಹಿಂದಕ್ಕೂ ಹೋಗುತ್ತದೆ. ಬೆನ್ನು ಸೂಟಿಯಲ್ಲಿ ಕಪ್ಪು, ಬ್ರೈಡಲ್ಡ್‌ನಲ್ಲಿ ಬೂದುಗಂದು.

ಪಶುವೈದ್ಯೆ
ಅದು ಹಾರಿತಾ, ಅಲ್ಲೇ ಇದೆಯಾ?

ಮಂಗ್ಳೂರ್‌ಹುಡುಗ
ಹಾರಿತು ಮೇಡಂ. ನಾಯಿ ಬಂದ ತಕ್ಷಣ ಎದ್ದು ನೀರಿನ ಕಡೆ ಹೋಯಿತು.

ಬೋಟ್‌ಮನೆ
ಲಕ್ಷದ್ವೀಪದ ಕಡೆ ಹೋದವರು ಹೇಳುತ್ತಾರೆ, ಅಲ್ಲಿ ಒಂದು ಮರಳುದಿಬ್ಬದಲ್ಲಿ ಇಂಥ ರೀವಗಳೇ ತುಂಬಿರುತ್ತವೆ ಅಂತ.

ಕಾರವಾರ ಕಾಂಡ್ಲ
ಪಿಟ್ಟಿ ದ್ವೀಪ. ಪಕ್ಷಿಧಾಮ ಅದು, ಮನುಷ್ಯರ ವಾಸ ಇಲ್ಲ. ಸೂಟಿ ಟರ್ನ್, ಬ್ರೌನ್ ನಾಡಿ ಗೂಡು ಕಟ್ಟುವ ಜಾಗ. ನಮಗೆ ಹತ್ತಿರದ್ದು ವೆಂಗುರ್ಲಾ ಬಂಡೆಗಳು, ಮಹಾರಾಷ್ಟ್ರದ ಕಡೆ. ಅಲ್ಲೂ ರೀವಗಳು ಮರಿ ಮಾಡುತ್ತವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಇದೆ. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೊಯ್ಗೆದಂಡೆ
ನಾಯಿಯ ವಿಷಯ ಬಂತಲ್ಲ. ನಮ್ಮ ದಡದಲ್ಲಿ ಬಳಲಿದ ಹಕ್ಕಿಗೆ ದೊಡ್ಡ ಅಪಾಯವೇ ಅದು. ಜೊತೆಗೆ ಬೀಚಿನಲ್ಲಿ ಜೀಪ್, ಬೈಕ್ ಓಡಿಸುವವರು. ಕಡಲಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಬಂದ ಕಡೆ ಹಕ್ಕಿ ಕೂರಲು ಹೊಯ್ಗೆಯೇ ಉಳಿದಿಲ್ಲ. ಇದನ್ನು ಬಿಟ್ಟು ನಾವು ಕತ್ತಿನ ಪಟ್ಟಿಯ ಬಗ್ಗೆ ವಾದ ಮಾಡುತ್ತೇವೆ.

ಅಳಿವೆಬಾಗಿಲು
ಎರಡೂ ಬೇಕು. ಎಲ್ಲಿ, ಯಾವಾಗ, ಯಾವ ಹಕ್ಕಿ ಕೂರುತ್ತದೆ ಅಂತ ಬರೆದದ್ದು ಇದ್ದರೆ ತಾನೇ ಪಂಚಾಯಿತಿಗೆ ಹೋಗಿ "ಇಲ್ಲಿ ಜೀಪ್ ಬಿಡಬೇಡಿ" ಅನ್ನಲು ಆಗುವುದು? ಬರೀ ಬಾಯಿಮಾತಿಗೆ ಯಾರು ಕೇಳುತ್ತಾರೆ?

ಪಡುಕಡಲು
ಇದು ಒಳ್ಳೆಯ ದಾರಿ. ಮಳೆಗಾಲದಲ್ಲಿ ಅವರವರ ಊರಿನ ದಡದಲ್ಲಿ ವಾರಕ್ಕೊಮ್ಮೆ ನಡೆಯುವವರು ಯಾರಿದ್ದೀರಿ? ನಾನು ಕಾಪುವಿನಿಂದ ಮಟ್ಟುವಿನವರೆಗೆ ನೋಡುತ್ತೇನೆ. ಏನೂ ಸಿಗದಿದ್ದರೂ "ಏನೂ ಇಲ್ಲ" ಅಂತ ಬರೆಯುವುದು.

ಅಳಿವೆಬಾಗಿಲು
ಕುಂದಾಪುರ ಕೋಡಿ ನನಗೆ ಇರಲಿ. ಸತ್ತ ಹಕ್ಕಿ ಸಿಕ್ಕಿದರೂ ಬಿಡಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಕೊಕ್ಕು, ಕಾಲು, ಬಿಡಿಸಿದ ರೆಕ್ಕೆಯ ಮೇಲೆ ಮತ್ತು ಕೆಳಗೆ, ಎಲ್ಲದರ ಫೋಟೋ.

ಪಶುವೈದ್ಯೆ
ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಒಂದೇ ಕಡೆ ತುಂಬ ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಲೇಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಕಾರವಾರ ಕಾಂಡ್ಲ
ಮಾಜಾಳಿಯಿಂದ ದೇವಬಾಗದವರೆಗೆ ನಾನು.

ಶಾಲೆಟೀಚರ್
ನನಗೆ ದಡ ದೂರ. ಚಾತಕ ಬಂದ ದಿನ ಬರೆಯಲೇ? ನಮ್ಮ ಕಡೆ ಅದರ ಕೂಗು ಕೇಳಿದರೆ ಮಳೆ ಹತ್ತಿರ ಅಂತ ಲೆಕ್ಕ.

ದುರ್ಬೀನು
ಖಂಡಿತ ಬರೆಯಿರಿ ಟೀಚರ್. ಆಫ್ರಿಕಾದಿಂದ ಮುಂಗಾರಿನ ಜೊತೆ ಬರುವ ಹಕ್ಕಿ ಅದು. ಮೊದಲು ಕೇಳಿದ ದಿನಾಂಕ ತುಂಬ ಬೆಲೆಯದ್ದು.

ಬೋಟ್‌ಮನೆ
ನಾಳೆ ಬೆಳಗಿನ ಜಾವ ಬಂದರಿನ ಧಕ್ಕೆ ಬಿಡುತ್ತೇವೆ. ಆ ಸಣ್ಣ ಕಪ್ಪು ಹಕ್ಕಿಯ ವಿಡಿಯೋ ಹೇಗೆ ತೆಗೆಯಬೇಕು ಹೇಳಿ. ಬೋಟ್ ಅಲ್ಲಾಡುತ್ತದೆ, ಅದು ಒಂದು ಕಡೆ ನಿಲ್ಲುವುದಿಲ್ಲ.

ದುರ್ಬೀನು
ಜೂಮ್ ಜಾಸ್ತಿ ಮಾಡಬೇಡಿ ಅಣ್ಣಾ. ಮೊಬೈಲ್ ಅಡ್ಡ ಹಿಡಿದು, ಬೆನ್ನನ್ನು ಕ್ಯಾಬಿನ್‌ಗೆ ಒರಗಿಸಿಕೊಂಡು ಸುಮ್ನೆ ಓಡಿಸುತ್ತಿರಿ. ಹಕ್ಕಿ ತಿರುಗುವಾಗ ಬಾಲದ ಮೇಲಿನ ಬಿಳಿ ಸಿಕ್ಕಿದರೆ ಸಾಕು. ಬಿಳಿ ಇಲ್ಲದೆ ಪೂರ್ತಿ ಕಪ್ಪು ಇದ್ದರೆ ಅದು ಬೇರೆ ಜಾತಿ, ಸ್ವಿನ್ಹೋಸ್ ಇರಬಹುದು. ಅದನ್ನೂ ತೆಗೆಯಿರಿ. ಜಿಪಿಎಸ್‌ನಲ್ಲಿ ಆಗ ತೋರಿಸುವ ಅಂಕೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಬೋಟ್‌ಮನೆ
ಜಿಪಿಎಸ್ ಅಂಕೆ ಕೊಡುವುದಿಲ್ಲ, ಅದು ನಮ್ಮ ಮೀನಿನ ಜಾಗ. ದಡದಿಂದ ಎಷ್ಟು ದೂರ, ಎಷ್ಟು ಆಳ ಅಂತ ಹೇಳುತ್ತೇನೆ. ಆದೀತಾ?

ದುರ್ಬೀನು
ಧಾರಾಳ ಆಯಿತು.